ತೋಟಾ ಕೇಸ್‌ಗಳ ಅನೀಲಿಂಗ್‌ಗೆ ಗ್ಯಾಸ್ ಜ್ವಾಲೆ ಸಾಕೇ, ಇಂಡಕ್ಷನ್ ಬೇಕೇ?

ಪ್ರಶ್ನೆ – ಟೆಕ್ಸಾಸ್ ಕನ್ನಡಿಗ

ನಮಸ್ಕಾರ. ಗುರಿ ಅಭ್ಯಾಸಕ್ಕೆ ಬೇಕಾದ .308 ವಿಂಚೆಸ್ಟರ್ ತೋಟಾಗಳನ್ನು ನಾನು ಮನೆಯಲ್ಲೇ ರೀಲೋಡ್ ಮಾಡಿಕೊಳ್ಳುತ್ತೇನೆ, ಅಂದರೆ ಹಾರಿಸಿ ಉಳಿದ ಹಿತ್ತಾಳೆಯ ಕೇಸ್‌ಗೆ ಮತ್ತೆ ಮದ್ದು, ಗುಂಡು ತುಂಬುತ್ತೇನೆ. ಆರು ಬಾರಿ ಹಾರಿಸಿದ ಐವತ್ತು ಕೇಸ್‌ಗಳಲ್ಲಿ ನಾಲ್ಕರ ಕತ್ತಿನ (ಗುಂಡನ್ನು ಹಿಡಿಯುವ ಕಿರಿದಾದ ಭಾಗ) ಮೇಲೆ ಈ ಸಲ ಕೂದಲೆಳೆಯಂತಹ ಬಿರುಕುಗಳು ಕಾಣಿಸಿವೆ. ಗುಂಡು ಕೂರಿಸುವಾಗ ಒಂದರಲ್ಲಿ ಸಲೀಸಾಗಿ ಇಳಿದರೆ ಮುಂದಿನದಕ್ಕೆ ಪ್ರೆಸ್ಸಿನ ಹಿಡಿಯನ್ನು ಬಲವಾಗಿ ಒತ್ತಬೇಕಾಗುತ್ತದೆ. ಪ್ರತಿ ಎರಡು ಸುತ್ತಿಗೊಮ್ಮೆ, ಡ್ರಿಲ್‌ಗೆ ಸಿಕ್ಕಿಸಿದ ಸಾಕೆಟ್‌ನಲ್ಲಿ ಕೇಸನ್ನು ತಿರುಗಿಸುತ್ತ, ಪ್ರೊಪೇನ್ ಟಾರ್ಚಿನ ಮುಂದೆ ಆರು ಸೆಕೆಂಡು ಹಿಡಿದು ಅನೀಲಿಂಗ್ (ಕಾಸಿ ಮೆದುಗೊಳಿಸುವುದು) ಮಾಡುತ್ತ ಬಂದಿದ್ದೇನೆ. ಇಂಡಕ್ಷನ್ ಯಂತ್ರ ಕೊಂಡರೆ ಈ ಏರುಪೇರು ತಪ್ಪುವುದೇ ಅಥವಾ ದೋಷ ನನ್ನ ಕೈಯಲ್ಲೇ ಇದೆಯೇ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ – ಲೋಹವಿದ್ಯಾರ್ಥಿ

ಮೊದಲು ಹಿತ್ತಾಳೆಯ ಸ್ವಭಾವವನ್ನು ನೋಡೋಣ. ತೋಟಾದ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು ಇರುತ್ತದೆ. ಕಂಚುಗಾರರು ಹಂಡೆ ಬಡಿಯುವಾಗ ಲೋಹ ಬಿರುಸಾಯಿತೆಂದರೆ ಮತ್ತೆ ಕುಲುಮೆಗೆ ಇಡುತ್ತಾರಲ್ಲ, ಇಲ್ಲಿ ನಡೆಯುವುದೂ ಅದೇ: ಹಾರಿಸಿದಾಗ ಕತ್ತು ಹಿಗ್ಗುತ್ತದೆ, ಸೈಜಿಂಗ್ ಡೈ ಎಂಬ ಅಚ್ಚು ಅದನ್ನು ಮತ್ತೆ ಕುಗ್ಗಿಸುತ್ತದೆ, ಪ್ರತಿ ಸಲವೂ ಅದು ಇನ್ನಷ್ಟು ಗಡುಸಾಗುತ್ತದೆ. ಕಾಸಿದಾಗ ಒಳಗಿನ ಹರಳುಗಳು ಹೊಸದಾಗಿ ಬೆಳೆದು ಮೆದುತನ ಮರಳುತ್ತದೆ.

ಈ ಬದಲಾವಣೆಗೆ ಶಾಖದಷ್ಟೇ ಸಮಯವೂ ಮುಖ್ಯ. 400 ಡಿಗ್ರಿ ಸೆಲ್ಸಿಯಸ್ ಎಂಬ ಅಂಕಿಯನ್ನು ಹಲವರು ಮಂತ್ರದಂತೆ ಹೇಳುತ್ತಾರೆ. ಆದರೆ ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿಯಬೇಕಾದರೆ ಅದಕ್ಕಿಂತ ಹೆಚ್ಚಿನ ಶಾಖವೇ ಬೇಕು. ಕತ್ತಲ ಕೋಣೆಯಲ್ಲಿ ಲೋಹ ಮಂದ ಕೆಂಪಾಗಿ ಕಾಣತೊಡಗುವುದು ಸುಮಾರು 525 ಡಿಗ್ರಿಯಲ್ಲಿ. ಆದ್ದರಿಂದ ಆರು ಸೆಕೆಂಡು ಎಂಬುದು ತನ್ನಷ್ಟಕ್ಕೆ ಏನನ್ನೂ ಹೇಳುವುದಿಲ್ಲ.

ಇನ್ನೊಂದು ಮಾತು. ಬ್ರಿಟಿಷರ ಕಾಲದಲ್ಲಿ ಭಾರತದ ಕುದುರೆ ಲಾಯಗಳಲ್ಲಿ ಇಟ್ಟಿದ್ದ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರಿಯುತ್ತಿದ್ದವು. ಕುದುರೆಯ ಮೂತ್ರದಿಂದ ಬರುವ ಅಮೋನಿಯವೂ ಹಿತ್ತಾಳೆಯೊಳಗೆ ಉಳಿದ ಒತ್ತಡವೂ ಸೇರಿ ಹೀಗಾಗುತ್ತದೆ ಎಂಬ ವಿವರಣೆಯನ್ನು 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಕೊಟ್ಟರು. ತಾವು ಅಮೋನಿಯ ಬೆರೆತ ಪಾಲಿಶ್ ಬಳಸುತ್ತಿದ್ದರೆ ಅದನ್ನು ಈಗಲೇ ನಿಲ್ಲಿಸಿ.

ಉತ್ತರ – ಸುರುಳಿ

ನಾನು ಜ್ವಾಲೆಯಿಂದ ಇಂಡಕ್ಷನ್‌ಗೆ ಬಂದವನು. ಜ್ವಾಲೆಯ ಶಾಖ ಹೊರಗಿನಿಂದ ಒಳಕ್ಕೆ ಸಾಗಬೇಕು. ಇಂಡಕ್ಷನ್‌ನಲ್ಲಿ ಸುರುಳಿಯ ಕಾಂತಕ್ಷೇತ್ರ ಲೋಹದೊಳಗೇ ಸುಳಿ ವಿದ್ಯುತ್ತನ್ನು ಹುಟ್ಟಿಸುವುದರಿಂದ ಕತ್ತಿನ ಗೋಡೆಯೇ ಬಿಸಿಯ ಮೂಲವಾಗುತ್ತದೆ. 100 ಕಿಲೋಹರ್ಟ್ಸ್‌ನಲ್ಲಿ ಈ ವಿದ್ಯುತ್ತು ಹಿತ್ತಾಳೆಯಲ್ಲಿ ಸುಮಾರು 0.4 ಮಿಲಿಮೀಟರ್ ಆಳಕ್ಕೆ ಇಳಿಯುತ್ತದೆ; .308ರ ಕತ್ತಿನ ಗೋಡೆಯ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಗಾಳಿ ಬೀಸಲಿ, ಚಳಿ ಇರಲಿ, ಟೈಮರ್ ಹೇಳಿದಷ್ಟೇ ಶಕ್ತಿ ಪ್ರತಿ ಕೇಸಿಗೂ ಸಿಗುತ್ತದೆ. ನಾನು ಹಣ ಕೊಟ್ಟಿದ್ದು ಈ ಒಂದು ಗುಣಕ್ಕಾಗಿ.

ಆದರೆ ಯಂತ್ರ ತಾನಾಗಿ ಎಲ್ಲವನ್ನೂ ಅರಿಯುವುದಿಲ್ಲ. ಗೋಡೆಯ ದಪ್ಪ ಬದಲಾದರೆ ಬೇಕಾದ ಸಮಯವೂ ಬದಲಾಗುತ್ತದೆ. ಬೇರೆ ಬೇರೆ ತಯಾರಕರ ಕೇಸ್‌ಗಳನ್ನು ಒಂದೇ ಹೊಂದಿಕೆಯಲ್ಲಿ ಕಾಸಿದರೆ ಕೆಲವು ಮೆದುವಾಗಿ ಕೆಲವು ಗಡುಸಾಗಿಯೇ ಉಳಿಯುತ್ತವೆ.

ಉತ್ತರ – ಹಳೇ ಟಾರ್ಚು

ಜ್ವಾಲೆಯನ್ನು ಕೈಬಿಡುವ ಅಗತ್ಯವಿಲ್ಲವೆಂಬುದು ಹನ್ನೊಂದು ವರ್ಷಗಳ ಅಭ್ಯಾಸದಿಂದ ನನಗೆ ಖಚಿತವಾಗಿದೆ. ಒಮ್ಮೆ ನೂರಕ್ಕೂ ಹೆಚ್ಚು ಕೇಸ್‌ಗಳನ್ನು ಒಂದೇ ಸಮನೆ ಕಾಸುತ್ತ ಹೋದಾಗ ಕೊನೆಯ ಮೂವತ್ತು ಸರಿಯಾಗಿ ಮೆದುವಾಗಲಿಲ್ಲ. ಸಿಲಿಂಡರನ್ನು ಮುಟ್ಟಿ ನೋಡಿದರೆ ಹೊರಮೈ ತಣ್ಣಗಾಗಿ ಬೆವರಿತ್ತು. ಒಳಗಿನ ದ್ರವ ಆವಿಯಾಗುತ್ತ ತಂಪಾಗಿ, ಒತ್ತಡ ಇಳಿದು, ಜ್ವಾಲೆಯ ನೀಲಿ ಮೊನೆ ಗಿಡ್ಡವಾಗಿತ್ತು. ಅಂದಿನಿಂದ ಇಪ್ಪತ್ತೈದಕ್ಕೊಮ್ಮೆ ನಿಲ್ಲಿಸಿ ಶಾಖಸೂಚಕ ಬಣ್ಣ ಹಚ್ಚಿದ ಒಂದು ಕೇಸಿನಿಂದ ಪರೀಕ್ಷಿಸುತ್ತೇನೆ. ಟಾರ್ಚನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿಗೆ ಬಿಗಿಯಿರಿ. ನೀಲಿ ಮೊನೆ ಕತ್ತು ಮತ್ತು ಹೆಗಲು (ಕತ್ತಿನ ಕೆಳಗಿನ ಇಳಿಜಾರು) ಸೇರುವಲ್ಲಿಗೆ ತಾಗುವಂತಿರಲಿ.

ಯಾವ ವಿಧಾನವಾದರೂ ಕೇಸಿನ ತಳ ಮೆದುವಾಗಕೂಡದು. .308ರಲ್ಲಿ ಒತ್ತಡದ ಮಿತಿ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಅದನ್ನು ತಡೆಯುವುದು ಗಡುಸಾದ ತಳವೇ. ಒಮ್ಮೆ ಮೆದುವಾದ ತಳವನ್ನು ಕಾಸಿ ಗಡುಸು ಮಾಡಲು ಬಾರದು, ಅಂತಹ ಕೇಸನ್ನು ಎಸೆಯಲೇಬೇಕು. ನೀರಿಗೆ ಹಾಕಿದರೆ ಉಕ್ಕಿನಂತೆ ಹಿತ್ತಾಳೆ ಗಡುಸಾಗುವುದಿಲ್ಲ, ಶಾಖ ಕೆಳಗಿಳಿಯುವುದು ನಿಲ್ಲುತ್ತದೆ ಅಷ್ಟೆ. ಬಿರುಕು ಬಿಟ್ಟ ನಾಲ್ಕನ್ನು ಮತ್ತೆ ಬಳಸಬೇಡಿ.

ಮರುಪ್ರತಿಕ್ರಿಯೆ – ಟೆಕ್ಸಾಸ್ ಕನ್ನಡಿಗ

ತಮ್ಮೆಲ್ಲರಿಗೂ ಕೃತಜ್ಞತೆಗಳು. 'ಸುರುಳಿ'ಯವರ ಮಾತು ಓದಿದ ಮೇಲೆ ತಳದ ಮುದ್ರೆಗಳನ್ನು ದೀಪದಡಿ ಹಿಡಿದು ನೋಡಿದೆ. ಒಂದೇ ಬಗೆಯವೆಂದು ನಂಬಿದ್ದ ಡಬ್ಬಿಯಲ್ಲಿ ಇಬ್ಬರು ತಯಾರಕರ ಕೇಸ್‌ಗಳು ಬೆರೆತಿದ್ದವು. ಮೈಕ್ರೋಮೀಟರಿನಲ್ಲಿ ಅಳೆದಾಗ ಕತ್ತಿನ ದಪ್ಪ ಒಂದರಲ್ಲಿ 0.33, ಇನ್ನೊಂದರಲ್ಲಿ 0.38 ಮಿಲಿಮೀಟರ್ ಬಂತು. ಬಿರಿದ ನಾಲ್ಕೂ ದಪ್ಪ ಕತ್ತಿನವೇ. ಯಂತ್ರ ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಮುಂದೂಡಿ, ಎರಡನ್ನೂ ಬೇರ್ಪಡಿಸಿ, ಟಾರ್ಚಿಗೆ ಸ್ಟ್ಯಾಂಡ್ ಮಾಡಿಸಲು ಹೊರಟಿದ್ದೇನೆ.