ಅಪ್‌ಡೇಟ್: ಬಾಯಿಪಾಠ ಬಿಟ್ಟು ಚೀಟಿ ಹಿಡಿದ ಮೇಲೆ

ಚಿಕ್ಕಬಳ್ಳಾಪುರದಲ್ಲಿ ನಾವಿಬ್ಬರೇ ಕೂತು ಪಾತ್ರ ಹಾಕಿ ಇಂಗ್ಲಿಷ್ ಮಾತಾಡಿದರೆ ಎರಡನೇ ವಾಕ್ಯಕ್ಕೇ ಬಾಯಿ ಕಟ್ಟುತ್ತದೆ, ಏನು ಮಾಡೋಣ ಅಂತ ಕೇಳಿದ್ದೆ. ನಾವು ಸಂಭಾಷಣೆ ಬರೆದಿಟ್ಟು ಬಾಯಿಪಾಠ ಮಾಡುತ್ತಿದ್ದೆವು, ತಪ್ಪು ಅಲ್ಲೇ ಇತ್ತು. ಎದುರಿನವರು ಒಂದು ಪದ ಬದಲಿಸಿದರೂ ಬಾಯಿಪಾಠ ಅಲ್ಲಿಗೇ ಖತಂ.

ಈಗ ಒಬ್ಬೊಬ್ಬರಿಗೂ ಒಂದು ಚೀಟಿ, ಅದರಲ್ಲಿ ಮಾತಿಲ್ಲ, ಕೆಲಸ ಮಾತ್ರ: 'ಮೈಸೂರಿಗೆ ಎರಡು ಟಿಕೆಟ್ ತಗೋ.' ಟಿಕೆಟ್ ಕೌಂಟರಿನ ಪಾತ್ರದವರ ಚೀಟಿಯಲ್ಲಿ ಗುಟ್ಟಾಗಿ ಒಂದು ತೊಡಕು: 'ಒಂದೇ ಸೀಟಿದೆ.' ಐದು ನಿಮಿಷ ಆಟ, ಪಾತ್ರ ಅದಲುಬದಲು, ಮತ್ತೆ ಐದು ನಿಮಿಷ. ನಡುವೆ ತಿದ್ದಬಾರದು, ತಿದ್ದಿದರೆ ಮಾತೇ ನಿಲ್ಲುತ್ತದೆ. ಮುಗಿದ ಮೇಲೆ ಮೂರೇ ತಪ್ಪು ಹೇಳಿ. ಹೆಚ್ಚಾಗಿ ಸಿಗುವುದು 'ಐ ಆಮ್ ಹ್ಯಾವಿಂಗ್ ಟೂ ಬ್ಯಾಗ್ಸ್'. ನಮ್ಮ ಬಳಿ ಇರುವುದನ್ನು ಹೇಳುವಾಗ 'ಐ ಹ್ಯಾವ್' ಸಾಕು. ಇನ್ನೊಂದು, 'ಕ್ಯಾನ್ ಯು ಟೆಲ್ ಮಿ' ಆದಮೇಲೆ 'ವೇರ್ ಈಸ್ ದ ಗೇಟ್' ಅಲ್ಲ, 'ವೇರ್ ದ ಗೇಟ್ ಈಸ್'.

ಕಲೆಯ ಬಗ್ಗೆ ಮಾತಾಡುವ ಪಾತ್ರಕ್ಕೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಫೋಟೊ ಇಟ್ಟುಕೊಳ್ಳಿ. ಒಬ್ಬರು ಗೈಡ್, ಇನ್ನೊಬ್ಬರು ಪ್ರವಾಸಿ. 'ವೆರಿ ನೈಸ್, ವೆರಿ ಬ್ಯೂಟಿಫುಲ್' ಅಂದರೆ ಒಂದು ಪಾಯಿಂಟ್ ಕಟ್! ಆಗ ಕಂಬ ನೋಡಲೇಬೇಕು: 'ದಿಸ್ ಪಿಲ್ಲರ್ ಈಸ್ ಕಾರ್ವ್ಡ್ ಔಟ್ ಆಫ್ ಸ್ಟೋನ್. ಲುಕ್ ಅಟ್ ದ ಫಿಗರ್ ಆನ್ ದ ಲೆಫ್ಟ್.' ಪದ ಹೊಳೆಯದಿದ್ದರೆ ಕನ್ನಡಕ್ಕೆ ಹಾರಬೇಡಿ, 'ಇಟ್ಸ್ ಅ ಕೈಂಡ್ ಆಫ್…' ಅಂತ ಸುತ್ತಿಬಳಸಿ ಹೇಳಿ. ಮಂಟಪಕ್ಕೆ 'ಅ ಕೈಂಡ್ ಆಫ್ ಓಪನ್ ಹಾಲ್ ವಿತ್ ಪಿಲ್ಲರ್ಸ್' ಅಂದರೆ ಯಾರಿಗಾದರೂ ಅರ್ಥವಾಗುತ್ತದೆ.