ಲೋಫೋಟೆನ್‌ನ ವೈಕಿಂಗ್ ಮನೆ: ಮಾರ್ಚ್‌ನಲ್ಲಿ ಹೋಗುವುದಾ, ಜುಲೈಯಲ್ಲಾ?

ಹೊನ್ನಾವರದ ಹುಡುಗ:
ನಾವು ಓಸ್ಲೋದಲ್ಲಿದ್ದೇವೆ. ಅಪ್ಪ ಅಮ್ಮ ಊರಿಂದ ಬರುವವರಿದ್ದಾರೆ. ಅಪ್ಪನಿಗೆ ವೈಕಿಂಗರ, ಅಂದರೆ ಸಾವಿರ ವರ್ಷದ ಹಿಂದಿನ ಇಲ್ಲಿನ ಕಡಲಯಾನಿಗಳ ಹುಚ್ಚು ಜಾಸ್ತಿ. ಉತ್ತರ ನಾರ್ವೆಯ ಲೋಫೋಟೆನ್ ದ್ವೀಪಗಳಲ್ಲಿ, ವೆಸ್ತ್‌ವಾಗೋಯ್ ಪುರಸಭೆಯ ಬೋರ್ಗ್‌ನಲ್ಲಿ ವೈಕಿಂಗರ ದೊಡ್ಡ ಮನೆ ಇದೆಯಲ್ಲ, ಅದಕ್ಕೋಸ್ಕರ ಅಷ್ಟು ದೂರ ಹೋಗಬಹುದಾ? ಯಾವಾಗ ಹೋದರೆ ಒಳ್ಳೆಯದು? ಅಮ್ಮನಿಗೆ ಚಳಿ ತಡೆಯುವುದಿಲ್ಲ.

ಮಲ್ಪೆ ಅಕ್ಕ:
ಧಾರಾಳವಾಗಿ ಬನ್ನಿ. ನಾನಿರುವುದು ಲೆಕ್ನೆಸ್‌ನಲ್ಲೇ, ಬೋರ್ಗ್‌ಗೆ ಕಾರಿನಲ್ಲಿ ಕಾಲು ಗಂಟೆ. ಆದರೆ ಅಪ್ಪನಿಗೆ ಮೊದಲೇ ಹೇಳಿಡಿ, ಕೊಂಬಿನ ಟೋಪಿ ಹುಡುಕಬೇಡಿ ಅಂತ. ವೈಕಿಂಗರು ಅದನ್ನು ಹಾಕುತ್ತಿದ್ದರು ಅನ್ನುವುದಕ್ಕೆ ಪುರಾವೆಯೇ ಇಲ್ಲ.

1981ರಲ್ಲಿ ಒಬ್ಬ ರೈತ ಹೊಲ ಉಳುವಾಗ ಮಡಕೆ ಚೂರು, ಗಾಜಿನ ಚೂರು ಸಿಕ್ಕವು. ಅಗೆದು ನೋಡಿದರೆ 83 ಮೀಟರ್ ಉದ್ದದ ಮನೆ! ವೈಕಿಂಗ್ ಕಾಲದ ಇಷ್ಟು ಉದ್ದದ ಮನೆ ಬೇರೆಲ್ಲೂ ಸಿಕ್ಕಿಲ್ಲ. ನೀವು ನೋಡುವುದು ಅದರ ಪಕ್ಕದಲ್ಲಿ ಹೊಸದಾಗಿ ಕಟ್ಟಿದ್ದು, 1995ರಲ್ಲಿ ಮ್ಯೂಸಿಯಂ ಆಗಿ ತೆರೆದರು. ಒಳಗೆ ಮಬ್ಬು ಬೆಳಕು, ಒಲೆಯ ಹೊಗೆ, ಟಾರಿನ ವಾಸನೆ. ಹಳೆ ಮನೆಯಲ್ಲಿ ಒಂದು ತುದಿ ದನದ ಕೊಟ್ಟಿಗೆ, ಜನ ಇನ್ನೊಂದು ಕಡೆ. ಅಷ್ಟು ದೊಡ್ಡ ಯಜಮಾನನಿಗೂ ದನಗಳ ಜೊತೆ ಒಂದೇ ಸೂರು. ಉಗುರಿನಷ್ಟು ಚಿಕ್ಕ ಚಿನ್ನದ ತಗಡುಗಳನ್ನು ಮಾತ್ರ ತಪ್ಪಿಸಬೇಡಿ, ಗಂಡು ಹೆಣ್ಣು ಅಪ್ಪಿಕೊಂಡಿರುವ ಚಿತ್ರ ಇದೆ.

ನನ್ನ ಕೇಳಿದರೆ ಮಾರ್ಚ್ ಕೊನೆ. ಆಗ ಇಲ್ಲೆಲ್ಲ ಮೀನೇ ಮೀನು. ಉತ್ತರದ ಬಾರೆಂಟ್ಸ್ ಸಮುದ್ರದಿಂದ ಕಾಡ್ (cod) ಅನ್ನುವ ಮೀನು ಮೊಟ್ಟೆಯಿಡಲು ಬರುತ್ತದೆ. ತಲೆ ಕತ್ತರಿಸಿ, ಎರಡೆರಡನ್ನು ಬಾಲಕ್ಕೆ ಬಾಲ ಕಟ್ಟಿ, ಮರದ ಅಟ್ಟಣೆಗೆ ನೇತುಹಾಕುತ್ತಾರೆ. ನಮ್ಮ ಮಲ್ಪೆಯ ಒಣಮೀನಿನ ಹಾಗೆ ಉಪ್ಪು ಹಾಕುವುದಿಲ್ಲ, ಸುಡುಬಿಸಿಲೂ ಬೇಕಿಲ್ಲ. ಸೊನ್ನೆ ಡಿಗ್ರಿಯ ಆಸುಪಾಸಿನ ಗಾಳಿಯೇ ಒಣಗಿಸುತ್ತದೆ. ಚಳಿ ಹೆಚ್ಚಾದರೆ ಹೆಪ್ಪುಗಟ್ಟಿ ಹಾಳು, ಸೆಕೆಯಾದರೆ ನೊಣ. ಶಾಲೆ ಮಕ್ಕಳು ಮೀನಿನ ನಾಲಿಗೆ ಕತ್ತರಿಸಿ ಒಳ್ಳೇ ಪಾಕೆಟ್ ಮನಿ ಮಾಡಿಕೊಳ್ಳುತ್ತಾರೆ! ಒಣಗಿದ ಮೀನು ಜಾಸ್ತಿ ಇಟಲಿಗೆ, ತಲೆಗಳು ನೈಜೀರಿಯಾಕ್ಕೆ. ಮ್ಯೂಸಿಯಂ ಒಂದನ್ನೇ ನೋಡಿ ಹೋದರೆ ಇಲ್ಲಿನ ಅರ್ಧ ಕಥೆ ಬಿಟ್ಟ ಹಾಗೆ.

ಬೋಡೋ ಭಟ್ಟ:
ಅಕ್ಕ, ಚಳಿ ತಡೆಯದ ಅಮ್ಮನನ್ನು ಮಾರ್ಚ್‌ನಲ್ಲಿ ಕರೆಸುತ್ತೀರಾ? ರಸ್ತೆ ಮೇಲೆ ಮಂಜುಗಡ್ಡೆ, ಗಾಳಿ ಜೋರಾದರೆ ವಿಮಾನ ಕ್ಯಾನ್ಸಲ್. ಮ್ಯೂಸಿಯಂ ಸಮಯವೂ ಕಡಿಮೆ. ಜುಲೈ ಮೊದಲ ವಾರ ಹೋಗಿ, ರಾತ್ರಿಯಿಡೀ ಸೂರ್ಯ ಇರುತ್ತಾನೆ. ಬೇಸಿಗೆಯಲ್ಲಿ ವೈಕಿಂಗ್ ಹಡಗಿನಲ್ಲಿ ಹುಟ್ಟು ಹಾಕೋಕೂ ಬಿಡುತ್ತಾರೆ, ಅಪ್ಪ ಅದನ್ನು ಬಿಟ್ಟಾರಾ?

ಮಲ್ಪೆ ಅಕ್ಕ:
ಅದೂ ಸರಿಯೇ. ಆದರೆ ಜುಲೈಗೆ ಅಟ್ಟಣೆ ಖಾಲಿ, ಜೂನ್‌ನಲ್ಲೇ ಇಳಿಸಿಬಿಡುತ್ತಾರೆ. ಏಪ್ರಿಲ್ ಕೊನೆಗೆ ಬಂದರೆ? ಮೀನು ತೂಗಾಡುತ್ತಿರುತ್ತದೆ, ರಾತ್ರಿ ಒಂಬತ್ತಾದರೂ ಬೆಳಕು. ಅಮ್ಮನಿಗೆ ಸ್ವೆಟರ್, ಟೋಪಿ ಹಾಕಿಸಿದರಾಯಿತು.

ಹೊನ್ನಾವರದ ಹುಡುಗ:
ಏಪ್ರಿಲ್ ಕೊನೆಯೇ ಫಿಕ್ಸ್. ಉಳಿಯುವುದೆಲ್ಲಿ? ಅಮ್ಮನಿಗೆ ದಿನಾ ಅನ್ನ, ಸಾರು ಆಗಬೇಕು.

ಮಲ್ಪೆ ಅಕ್ಕ:
ರೋರ್‌ಬು ಬುಕ್ ಮಾಡಿ, ನೀರಿನ ಅಂಚಿನಲ್ಲೇ ಇರುವ ಮೀನುಗಾರರ ಕೆಂಪು ಮರದ ಮನೆಗಳು. ಒಳಗೆ ಅಡುಗೆಮನೆ ಇರುತ್ತದೆ. ಅಕ್ಕಿ ಲೆಕ್ನೆಸ್‌ನಲ್ಲೇ ಸಿಗುತ್ತದೆ. ಹುಣಸೆಹಣ್ಣು, ಮೆಣಸಿನ ಪುಡಿ ಮಾತ್ರ ಓಸ್ಲೋದಿಂದ ತನ್ನಿ. ನನಗೂ ಸ್ವಲ್ಪ.