ಅತ್ತೆಗೆ ಎರಡೂ ಮಂಡಿ ಆಪರೇಷನ್, ಮನೇಲಿ ಏನೇನ್ ರೆಡಿ ಮಾಡ್ಕೋಬೇಕು?

ಅರಸೀಕೆರೆ_ಸೊಸೆ:

ಎಲ್ರಿಗೂ ನಮಸ್ಕಾರ. ನಮ್ಮ ಅತ್ತೆಗೆ 67 ವರ್ಷ, ಅರಸೀಕೆರೆ ಹತ್ರ ಹಳ್ಳಿ, ತೆಂಗಿನ ತೋಟ, ಎರಡು ಹಸು ಇದಾವೆ. ಏಳೆಂಟು ವರ್ಷದಿಂದ ಮಂಡಿ ನೋವು, ಎಣ್ಣೆ ತಿಕ್ಕಿದ್ದಾಯ್ತು, ನಾಟಿ ಔಷಧಿ ಆಯ್ತು, ಮಂಡಿಗೆ ಇಂಜೆಕ್ಷನ್ನೂ ಆಯ್ತು, ಈಗ ಎರಡೂ ಕಾಲು ಹೊರಕ್ಕೆ ಸೊಟ್ಟಗಾಗಿಬಿಟ್ಟಿದೆ, ರಾತ್ರಿ ಮಗ್ಗುಲು ಬದಲಾಯಿಸೋಕೂ ನರಳ್ತಾರೆ. ಹಾಸನದಲ್ಲಿ ತೋರಿಸಿದ್ವಿ, ಬೆಂಗಳೂರಲ್ಲೂ ತೋರಿಸಿದ್ವಿ, ಇಬ್ರೂ ಡಾಕ್ಟ್ರು ಸವೆದೋಗಿದೆ, ರಿಪ್ಲೇಸ್‌ಮೆಂಟೇ ಗತಿ ಅಂದ್ರು. ಒಬ್ರು ಎರಡೂ ಒಟ್ಟಿಗೆ ಮಾಡ್ಬಿಡೋಣ ಅಂತಾರೆ, ಇನ್ನೊಬ್ರು ಒಂದೊಂದೇ ಅಂತಾರೆ. ಶುಗರ್ ಇದೆ, ಮಾತ್ರೆ ತಗೋತಾರೆ. ದೀಪಾವಳಿ ಕಳೆದ್ಮೇಲೆ ಮಾಡ್ಸೋಣ ಅಂತ ಇದೀವಿ.

ನಂಗೆ ಆಪರೇಷನ್ನಿಗಿಂತ ಆಮೇಲಿನ ಚಿಂತೆ. ನಮ್ಮದು ಹಳೇ ಮನೆ, ಕಕ್ಕಸು ಹಿತ್ತಲಲ್ಲಿ, ಅದೂ ಕೂತ್ಕೊಳ್ಳೋ ಥರದ್ದು, ಪ್ರತಿ ಬಾಗಿಲಿಗೂ ಎತ್ತರದ ಹೊಸಿಲು. ಅತ್ತೆ ಮಲಗೋದು ಚಾಪೆ ಮೇಲೆ, ಊಟಕ್ಕೆ ಕೂರೋದು ನೆಲದ ಮೇಲೆ. ಮನೆಯವ್ರು ಬೆಂಗಳೂರಲ್ಲಿ ಕೆಲ್ಸ, ವಾರಕ್ಕೊಮ್ಮೆ ಬರ್ತಾರೆ. ಮಾಡಿಸ್ಕೊಂಡೋರು, ಮನೇಲಿ ನೋಡ್ಕೊಂಡೋರು ಯಾರಾದ್ರೂ ಇದ್ರೆ ಹೇಳಿ, ಮೊದ್ಲೇ ಏನ್ ತಯಾರಿ ಬೇಕು, ಎಷ್ಟು ದಿನಕ್ಕೆ ಓಡಾಡ್ತಾರೆ, ಮತ್ತೆ ನೆಲದ ಮೇಲೆ ಕೂರಕ್ಕಾಗುತ್ತಾ?

ರಿಟೈರ್ಡ್_ಮೇಷ್ಟ್ರಮ್ಮ_ಮೈಸೂರು:

ನಂದು ಎರಡೂ ಮಂಡಿ ಆಗಿದೆ ಕಣಮ್ಮ, ಒಂದಾದ ಮೇಲೆ ಮೂರ್ನಾಲ್ಕು ತಿಂಗಳು ಬಿಟ್ಟು ಇನ್ನೊಂದು. ಒಟ್ಟಿಗೆ ಮಾಡಿಸ್ಕೊಂಡ್ರೆ ಒಂದೇ ಸಲ ಅನಸ್ತೇಷಿಯಾ, ಒಂದೇ ಸಲ ನೋವು, ಖರ್ಚೂ ಒಟ್ಟಾರೆ ಸ್ವಲ್ಪ ಕಮ್ಮಿ, ಅದು ನಿಜ. ಆದ್ರೆ ರಕ್ತ ಹೋಗೋದು ಜಾಸ್ತಿ, ಹೃದಯಕ್ಕೆ ಶ್ರಮ ಜಾಸ್ತಿ, ಮತ್ತೆ ಯಾರೂ ಹೇಳದ ವಿಷ್ಯ ಏನಂದ್ರೆ ಎದ್ದು ನಿಲ್ಲುವಾಗ ಊರೋಕೆ ಒಂದು ಗಟ್ಟಿ ಕಾಲು ಅಂತಲೇ ಇರಲ್ಲ. ಮನೇಲಿ ಇಬ್ಬರು ಮೂವರು ಗಟ್ಟಿಮುಟ್ಟಾದೋರು ಇದ್ರೆ ಸರಿ, ನೀನೊಬ್ಳೇ ಅಂದ್ರೆ ನನ್ನ ಓಟು ಒಂದೊಂದೇ ಕಾಲಿಗೆ. ವಾಜಪೇಯಿ ಅವ್ರು ಪ್ರಧಾನಿ ಆಗಿದ್ದಾಗ 2000ದಲ್ಲಿ ಒಂದು ಮಂಡಿ, 2001ರಲ್ಲಿ ಇನ್ನೊಂದು ಮಾಡಿಸ್ಕೊಂಡ್ರು, ಅವ್ರಿಗೆ ನೋಡ್ಕೊಳ್ಳೋಕೆ ಜನ ಕಮ್ಮಿ ಇದ್ರಾ? ಕೊನೇ ಮಾತು ಮಾತ್ರ ಹೃದಯದ ಎಕೋ ಸ್ಕ್ಯಾನು, ಶುಗರ್ ಎಲ್ಲ ನೋಡಿ ಡಾಕ್ಟ್ರೇ ಹೇಳ್ಬೇಕು.

ಮನೆ ವಿಷ್ಯಕ್ಕೆ ಬರ್ತೀನಿ. ಆಸ್ಪತ್ರೆಗೆ ಹೋಗೋ ಮೊದ್ಲೇ ಕಮೋಡ್ ಚೇರ್ ತಗೊಂಡ್ಬಿಡು, ಸರ್ಜಿಕಲ್ ಅಂಗಡೀಲಿ ಸಿಗುತ್ತೆ, ಮಧ್ಯ ತೂತಿರೋ ಸ್ಟೀಲ್ ಕುರ್ಚಿ, ಅದನ್ನ ಈಗಿರೋ ಗುಂಡಿ ಮೇಲೇ ಇಡಬಹುದು, ಕೆಳಗೆ ಡಬ್ಬಿ ಇಟ್ಟು ರಾತ್ರಿ ರೂಮಲ್ಲೂ ಇಟ್ಕೋಬಹುದು. ಹಿತ್ತಲಿಗೆ ರಾತ್ರಿ ಹೊತ್ತು ವಾಕರ್ ಹಿಡ್ಕೊಂಡು ಹೋಗೋ ಮಾತೇ ಬೇಡ. ಚಾಪೆ ಬಿಟ್ಟು ಮಂಚ ಬೇಕೇ ಬೇಕು, ಅಂಚಲ್ಲಿ ಕೂತ್ರೆ ಪಾದ ಪೂರ್ತಿ ನೆಲಕ್ಕೆ ತಾಗ್ಬೇಕು, ಸೊಂಟ ಮಂಡಿಗಿಂತ ಸ್ವಲ್ಪ ಮೇಲಿರ್ಬೇಕು, ತಗ್ಗಿದ್ರೆ ಕಾಲಿಗೆ ಮರದ ದಿಮ್ಮಿ ಕೊಟ್ಟು ಎತ್ತರಿಸಿ. ಕೈ ಇರೋ ಗಟ್ಟಿ ಕುರ್ಚಿ ಒಂದು, ಪ್ಲಾಸ್ಟಿಕ್ ಕುರ್ಚಿ ಜಾರುತ್ತೆ ಬೇಡ. ಹೊಸಿಲು ತೆಗೆಯೋಕಾಗಲ್ಲ ಗೊತ್ತು, ಹಾಗಾಗಿ ಅವ್ರು ಇರೋ ರೂಮು, ಊಟ, ಕಮೋಡ್ ಎಲ್ಲ ಒಂದೇ ಹೊಸಿಲಿನ ಒಳಗೆ ಬರೋ ಹಾಗೆ ಮಾಡ್ಕೊ. ಕಾಲೊರೆಸೋ ಮ್ಯಾಟು, ಹಳೇ ಸೀರೆ ತುಂಡು ಎಲ್ಲ ನೆಲದಿಂದ ಎತ್ತಿಡು.

ಇನ್ನೊಂದು, ಈಗಿಂದ್ಲೇ ಕಾಲಿನ ಚರ್ಮ ನೋಡು. ತೋಟ, ಕೊಟ್ಟಿಗೆ ಅಂತ ನೀರಲ್ಲೇ ಓಡಾಡೋರಿಗೆ ಬೆರಳ ಸಂದಿ ಕೆಸರು ಹುಣ್ಣು, ಹಿಮ್ಮಡಿ ಒಡಕು ಇದ್ದೇ ಇರುತ್ತೆ. ನನ್ನ ಪಕ್ಕದ ಬೆಡ್ಡಿನೋರಿಗೆ ಆಪರೇಷನ್ ದಿನ ಬೆಳಿಗ್ಗೆ ಬೆರಳ ಸಂದಿ ನೋಡಿ ವಾಪಸ್ ಕಳ್ಸಿದ್ರು, ವಾಸಿ ಮಾಡ್ಕೊಂಡು ಬನ್ನಿ ಅಂತ. ಹಲ್ಲು ಹುಳುಕು, ಉರಿಮೂತ್ರ ಇದ್ರೂ ಅಷ್ಟೇ, ಮೊದ್ಲೇ ತೋರ್ಸಿ. ಎಲ್ಲೋ ಇರೋ ಕೀವು ರಕ್ತದಲ್ಲಿ ಹೋಗಿ ಹೊಸ ಮಂಡಿಗೆ ಕೂತ್ರೆ ಎಲ್ಲಾ ಬಿಚ್ಚಿ ಮತ್ತೆ ಮಾಡ್ಬೇಕಾಗುತ್ತೆ. ಕಾಲಿನ ಕೂದಲನ್ನ ಮನೇಲಿ ಬ್ಲೇಡ್ ಹಾಕಿ ತೆಗೀಬೇಡಿ, ಗೀರಾಗುತ್ತೆ, ಅದನ್ನ ಅವ್ರೇ ಮಾಡ್ಕೋತಾರೆ.

ಫಿಸಿಯೋ_ಶಿವಮೊಗ್ಗ:

ಮೇಡಂ ಮನೆ ವಿಷ್ಯ ಚೆನ್ನಾಗಿ ಹೇಳಿದಾರೆ, ನಾನು ವ್ಯಾಯಾಮದ್ದು ಹೇಳ್ತೀನಿ, ಯಾಕಂದ್ರೆ ನಮ್ಮ ಹತ್ರ ಬರೋ ಕೇಸಲ್ಲಿ ಆಪರೇಷನ್ ಚೆನ್ನಾಗೇ ಆಗಿರುತ್ತೆ, ಎಕ್ಸ್‌ರೇ ಸೂಪರ್ ಆಗಿರುತ್ತೆ, ಮಂಡಿ ಮಾತ್ರ ಮಡಚಲ್ಲ ಅಥವಾ ನೆಟ್ಟಗೆ ಚಾಚಲ್ಲ. ಮೊದಲ ಆರು ವಾರ ಮನೇಲಿ ಏನ್ ಮಾಡಿದ್ರು ಅನ್ನೋದರ ಮೇಲೆ ತುಂಬಾ ನಿಂತಿರುತ್ತೆ.

ಆಪರೇಷನ್ನಿಗೆ ಮುಂಚೆನೇ ತೊಡೆ ಮುಂಭಾಗದ ಸ್ನಾಯು ಗಟ್ಟಿ ಮಾಡ್ಬೇಕು. ಕಾಲು ಚಾಚಿ ಮಲಗಿ, ಹಿಮ್ಮಡಿ ಕೆಳಗೆ ಟವಲ್ ಸುರುಳಿ ಇಟ್ಟು, ಮಂಡಿ ಹಿಂಭಾಗ ಹಾಸಿಗೆಗೆ ತಾಗೋ ಹಾಗೆ ಕೆಳಕ್ಕೆ ಒತ್ತೋದು, ಐದಾರು ಸೆಕೆಂಡ್ ಹಿಡಿದು ಬಿಡೋದು. ಒತ್ತಿದಾಗ ತೊಡೆ ಮೇಲೆ ಕೈ ಇಟ್ಟು ನೋಡಿ, ಸ್ನಾಯು ಗಟ್ಟಿಯಾಗಿ ಚಿಪ್ಪು ಮೇಲಕ್ಕೆ ಸರಿಯೋದು ಗೊತ್ತಾಗುತ್ತೆ, ಹಾಗಾದ್ರೆ ಮಾತ್ರ ಸರಿಯಾಗಿ ಮಾಡ್ತಿದಾರೆ ಅಂತ. ಈಗ ಇದು ಅಭ್ಯಾಸ ಆಗಿದ್ರೆ ಆಪರೇಷನ್ ಮಾರನೇ ದಿನ ನೋವಲ್ಲೂ ನೆನಪಿರುತ್ತೆ. ಪಾದ ಮೇಲೆ ಕೆಳಗೆ ಆಡ್ಸೋದೂ ಕಲ್ಸಿ, ಅದು ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟದೇ ಇರೋಕೆ.

ಆದ್ಮೇಲೆ ಬಹಳ ಜನ ಮಾಡೋ ದೊಡ್ಡ ತಪ್ಪು ಒಂದಿದೆ. ಪಾಪ ನೋವಾಗುತ್ತೆ ಅಂತ ಮಂಡಿ ಕೆಳಗೆ ದಿಂಬು ಕೊಡ್ತಾರೆ. ದಯವಿಟ್ಟು ಕೊಡ್ಬೇಡಿ. ಆರಾಮ ಅನ್ಸುತ್ತೆ, ಆದ್ರೆ ಮಂಡಿ ಸ್ವಲ್ಪ ಬಗ್ಗಿದ ಹಾಗೇ ಸೆಟ್ಟಾಗಿಬಿಡುತ್ತೆ, ಆಮೇಲೆ ಜೀವನಪೂರ್ತಿ ಕುಂಟು. ದಿಂಬು ಹಿಮ್ಮಡಿ ಕೆಳಗೆ. ಮಡಚೋಕೆ ಕುರ್ಚಿ ಮೇಲೆ ಕೂರ್ಸಿ ಹಿಮ್ಮಡಿ ಕೆಳಗೆ ಹಳೇ ಬಟ್ಟೆ ಹಾಕಿ ಹಿಂದಕ್ಕೆ ಜಾರಿಸೋದು, ನಿಮ್ಮದು ರೆಡ್ ಆಕ್ಸೈಡ್ ನೆಲ ಆಗಿದ್ರೆ ಇನ್ನೂ ಚೆನ್ನಾಗಿ ಜಾರುತ್ತೆ. ಎರಡು ವಾರದ ಹೊತ್ತಿಗೆ 90 ಡಿಗ್ರಿ ಹತ್ರ ಬಂದ್ರೆ ಸಮಾಧಾನ, ಆಮೇಲೆ ನಿಧಾನಕ್ಕೆ 110, 120. ನೋವಿನ ಮಾತ್ರೆ ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮುಂಚೆ ಕೊಡಿ, ಮಾಡಿದ್ಮೇಲೆ ಟವಲಲ್ಲಿ ಸುತ್ತಿದ ಐಸ್ ಹದಿನೈದು ಇಪ್ಪತ್ತು ನಿಮಿಷ. ಮಾತ್ರೆ ಬೇಡ ಹೀಟು ಅಂತ ಹಟ ಮಾಡೋ ಅಜ್ಜಿಯರಿಗೇ ಮಂಡಿ ಜಾಸ್ತಿ ಬಿಗಿಯೋದು, ನೋವಿಗೆ ಹೆದರಿ ಕಾಲೇ ಆಡ್ಸಲ್ಲ.

ಓಡಾಟದ ಲೆಕ್ಕ ಕೇಳಿದ್ರಿ. ಅದೇ ದಿನ ಅಥವಾ ಮಾರನೇ ದಿನ ವಾಕರಲ್ಲಿ ನಿಲ್ಲಿಸ್ತಾರೆ, ಮೂರರಿಂದ ಐದು ದಿನಕ್ಕೆ ಮನೆಗೆ, ಎರಡು ವಾರದ ಆಸುಪಾಸು ಗಾಯಕ್ಕೆ ಹೊಲಿಗೆ ಬದಲು ಹಾಕಿದ ಸ್ಟೇಪಲ್ ಪಿನ್ ತೆಗೀತಾರೆ, ಮೂರ್ನಾಲ್ಕು ವಾರಕ್ಕೆ ವಾಕರಿಂದ ಕೋಲಿಗೆ, ಆರು ವಾರದಿಂದ ಮೂರು ತಿಂಗಳಲ್ಲಿ ಕೈಬೀಸಿ ನಡೆಯೋದು. ಊತ ಮತ್ತೆ ಬಿಸಿ ಆರು ತಿಂಗಳವರೆಗೂ ಸ್ವಲ್ಪ ಸ್ವಲ್ಪ ಇರಬಹುದು, ಗಾಯದ ಹೊರಪಕ್ಕ ಮರಗಟ್ಟಿದ ಹಾಗಿರುತ್ತೆ, ಅದು ಪೂರ್ತಿ ಹೋಗದೇನೂ ಇರಬಹುದು, ನಡೆಯುವಾಗ ಟಕ್ ಟಕ್ ಅನ್ನುತ್ತೆ, ಇದ್ಯಾವುದಕ್ಕೂ ಹೆದರ್ಬೇಡಿ. ಹೆದರಬೇಕಾದ್ದು ಬೇರೆ: ಮೀನಖಂಡ ಒಂದೇ ಕಡೆ ಊದಿ ಹಿಡ್ಕೊಂಡ ಹಾಗೆ ನೋವು ಬಂದ್ರೆ ಅವತ್ತೇ ತೋರ್ಸಿ, ಏಕಾಏಕಿ ಉಬ್ಬಸ ಅಥವಾ ಎದೆನೋವು ಬಂದ್ರೆ ತಕ್ಷಣ ಎಮರ್ಜೆನ್ಸಿಗೆ ಓಡಿ. ಗಾಯ ಸೋರೋದು, ಜ್ವರ, ಕೆಂಪಾಗೋದು ಇದ್ರೆ ಆಪರೇಷನ್ ಮಾಡಿದ ಡಾಕ್ಟ್ರಿಗೇ ಫೋನ್ ಮಾಡಿ, ಮೆಡಿಕಲ್ ಶಾಪಲ್ಲಿ ಆಂಟಿಬಯಾಟಿಕ್ ತಂದು ಕೊಡ್ಬೇಡಿ, ಅದು ಕೊಟ್ಟ ಮೇಲೆ ಒಳಗೆ ಯಾವ ಸೋಂಕು ಅಂತ ಪತ್ತೆ ಹಚ್ಚೋದೇ ಕಷ್ಟ.

ಹುಬ್ಬಳ್ಳಿ_ಮಂದಿ:

ನಮ್ಮವ್ವಗ ಹೋದ್ವರ್ಷ ಮಾಡ್ಸಿದ್ವಿ ರೀ. ರೊಕ್ಕದ ವಿಷಯ ಯಾರೂ ಬರದಿಲ್ಲ ಅದಕ್ಕ ಬರೀಲಿಕತ್ತೀನಿ. 2017ರ ಆಗಸ್ಟ್‌ನಾಗ ಕೇಂದ್ರ ಸರ್ಕಾರ ಮೊಣಕಾಲ ಇಂಪ್ಲಾಂಟಿಗೆ, ಅಂದ್ರ ಒಳಗ ಕೂಡಸೋ ಕೃತಕ ಕೀಲಿಗೆ, ರೇಟ್ ಕಟ್ಟಿ ಹಾಕೇತಿ, ಸಾದಾ ಕೋಬಾಲ್ಟ್ ಕ್ರೋಮಿಯಂದಕ್ಕ ಆಗ 54,720 ರೂಪಾಯಿ ಪ್ಲಸ್ ಜಿಎಸ್‌ಟಿ ಇಟ್ಟಿದ್ರು, ಅದಕ್ಕ ಮದ್ಲ ಒಂದೂವರಿ ಲಕ್ಷದ ಮ್ಯಾಲ ತಗೋತಿದ್ರು. ಆದ್ರ ಇದು ಇಂಪ್ಲಾಂಟಿಗೆ ಅಷ್ಟ ರೀ, ರೂಮ್ ಬಾಡಿಗಿ, ಓಟಿ ಚಾರ್ಜು, ಡಾಕ್ಟರ್ ಫೀ ಇವಕ್ಕ ಯಾವ ಕಟ್ಟೂ ಇಲ್ಲ, ಅದಕ್ಕ ಒಂದು ದವಾಖಾನ್ಯಾಗ ಒಂದೂಮುಕ್ಕಾಲು ಅಂದ್ರ ಇನ್ನೊಂದ್ರಾಗ ಮೂರು ಲಕ್ಷ ಅಂತಾರ. ಪ್ಯಾಕೇಜ್‌ನಾಗ ಏನೇನ ಬರ್ತದ ಅಂತ ಬರಸ್ಕೊಳ್ರಿ, ಫಿಸಿಯೋ, ರಕ್ತ, ಐಸಿಯು ಸೇರಿ. ನಮಗ ಒಂದ್ಕಡಿ ಗೋಲ್ಡ್ ನೀ ಹಾಕ್ಸ್ರಿ, ರೋಬೋಟ್‌ಲೇ ಮಾಡ್ತೀವಿ, ಅಂತ ಹೇಳಿ ಎಂಬತ್ತು ಸಾವಿರ ಹೆಚ್ಚು ಕೇಳಿದ್ರು, ಬಂಗಾರ ಏನೂ ಇರಂಗಿಲ್ಲ ಅದ್ರಾಗ, ಬಣ್ಣದ ಕೋಟಿಂಗ್ ಅದು. ನಿಕ್ಕಲ್ ಅಲರ್ಜಿ ಇದ್ದೋರಿಗೆ ಅರ್ಥ ಐತಿ, ನಮ್ಮವ್ವಗ ಯಾವ ಅಲರ್ಜಿ? ನಾವು ಸಾದಾನ ಹಾಕ್ಸಿದ್ವಿ, ವಾರಕ್ಕ ಹತ್ತಿಪ್ಪತ್ತು ಮೊಣಕಾಲ ಮಾಡೋ ಡಾಕ್ಟರ್‌ನ ಹುಡಿಕಿದ್ವಿ. ನನಗ ಕೇಳಿದ್ರ ಯಂತ್ರಕಿಂತ ಕೈ ಮುಖ್ಯ ರೀ.

ಡಿಸ್ಚಾರ್ಜ್ ಫೈಲಿನಾಗ ಇಂಪ್ಲಾಂಟ್ ಸ್ಟಿಕ್ಕರ್ ಹಚ್ಚಿರ್ತಾರ, ಕಂಪನಿ ನಂಬರ್ ಎಲ್ಲಾ ಇರ್ತದ, ಒಂದು ಫೋಟೋ ಹೊಡದು ಇಟ್ಕೊಳ್ರಿ. ಮೆಡಿಕ್ಲೇಮ್ ಇದ್ರ ಮಂಡಿ ಆಪರೇಷನ್‌ಗೆ ವೇಟಿಂಗ್ ಪೀರಿಯಡ್ ಮುಗದೇತೋ ಇಲ್ಲೋ ನೋಡ್ರಿ. ಬಿಪಿಎಲ್ ಕಾರ್ಡ್ ಇದ್ರ ಜಿಲ್ಲಾ ಆಸ್ಪತ್ರಿಗೆ ಹೋಗಿ ಆರೋಗ್ಯಮಿತ್ರ, ಅಂದ್ರ ಸರ್ಕಾರಿ ಆರೋಗ್ಯ ಯೋಜನೆ ಮಾಹಿತಿ ಕೊಡೋ ಸಿಬ್ಬಂದಿ, ಅವ್ರ ಹಂತ್ಯಾಕ ಮದ್ಲ ವಿಚಾರಿಸ್ರಿ, ಆಪರೇಷನ್ ಆದ ಮ್ಯಾಲ ಕಾಗದ ತಗೊಂಡು ಹೋದ್ರ ಏನೂ ಆಗಂಗಿಲ್ಲ.

ಅರಸೀಕೆರೆ_ಸೊಸೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಓದಿ ಅತ್ತೆಗೂ ಹೇಳ್ದೆ. ಗೋಲ್ಡ್ ವಿಷ್ಯ ನಮಗೂ ಹೇಳಿದ್ರು, ಅತ್ತೆ ಅದಕ್ಕೆ ಬಂಗಾರ ಹಾಕೋದಾದ್ರೆ ಕತ್ತಿಗೆ ಹಾಕ್ಲಿ, ಮಂಡಿ ಒಳಗೆ ಹಾಕಿದ್ರೆ ಯಾರಿಗೆ ಕಾಣುತ್ತೆ ಅಂದ್ರು 😀

ಈಗ ಇನ್ನೊಂದು ಗಲಾಟೆ. ನಮ್ಮ ಅತ್ತೆ ತಂಗಿ ಬಂದಿದ್ರು, ಆಪರೇಷನ್ ಆದ್ಮೇಲೆ ಬದನೆಕಾಯಿ, ಆಲೂಗಡ್ಡೆ, ಮೊಟ್ಟೆ, ಮೊಸರು, ಬೇಳೆ ಯಾವುದೂ ಕೊಡಂಗಿಲ್ಲ ನಂಜಾಗಿ ಕೀವು ಕಟ್ಟುತ್ತೆ ಅಂತ ಲಿಸ್ಟ್ ಹೇಳಿ ಹೋದ್ರು. ಬರೀ ರವೆ ಗಂಜಿ ಅಂತೆ. ಜೊತೆಗೆ ಹದಿನೈದು ದಿನಕ್ಕೆ ಬಂದು ಎಣ್ಣೆ ನೀವ್ತೀನಿ ಅಂತಾನೂ ಹೇಳಿದಾರೆ. ದೊಡ್ಡೋರು, ಎದುರು ಮಾತಾಡಕ್ಕಾಗಲ್ಲ, ಏನ್ ಮಾಡ್ಲಿ?

ಫಿಸಿಯೋ_ಶಿವಮೊಗ್ಗ:

ಗಾಯ ಕೂಡೋಕೆ ಪ್ರೋಟೀನ್ ಬೇಕು, ಅವ್ರು ಬೇಡ ಅಂದಿದ್ರಲ್ಲಿ ಅರ್ಧ ಅದೇ ಇದೆ. ಕೀವು ಆಗೋದು ಬ್ಯಾಕ್ಟೀರಿಯಾದಿಂದ ಮತ್ತೆ ಏರಿದ ಶುಗರಿಂದ, ಬದನೆಕಾಯಿಂದಲ್ಲ. ಮೂರು ಹೊತ್ತು ರವೆ ಗಂಜಿ ಕೊಟ್ರೆ ಶುಗರ್ ಏರುತ್ತೆ ಅಷ್ಟೇ. ಎಣ್ಣೆ ನೀವೋದಂತೂ ಬೇಡವೇ ಬೇಡ, ಗಾಯಕ್ಕೆ ಎಣ್ಣೆ ಹೋದ್ರೆ ಸೋಂಕು, ಮೀನಖಂಡ ಉಜ್ಜಿದಾಗ ಒಳಗೆ ಹೆಪ್ಪು ಇದ್ರೆ ಅದು ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗೋ ಅಪಾಯ ಇದೆ.

ಕುಡ್ಲದ_ಅಕ್ಕ:

ಅಯ್ಯೋ ಮಾರಾಯ್ರೆ ಈ ನಂಜಿನ ಪಟ್ಟಿ ನಮ್ಮಲ್ಲಿಯೂ ಉಂಟು, ಮೀನು ಕೂಡ ಬೇಡ ಅಂತ ಹೇಳ್ತಾರೆ. ನಾನು ಏನು ಮಾಡಿದ್ದು ಅಂದ್ರೆ ಡಾಕ್ಟ್ರ ಹತ್ರವೇ ಚೀಟಿಯಲ್ಲಿ ಬರೆಸಿದ್ದು, ಮೊಟ್ಟೆ, ಹೆಸರುಕಾಳು, ಮೊಸರು ಕೊಡಬೇಕು, ಎಣ್ಣೆ ತಿಕ್ಕಬಾರದು ಅಂತ. ಆ ಚೀಟಿ ಗೋಡೆಗೆ ಅಂಟಿಸಿ ಆಯ್ತು, ಬಂದವರೆಲ್ಲ ಓದಿ ಸುಮ್ಮನಾದ್ರು. ನಮ್ಮ ಮಾತಿಗಿಂತ ಡಾಕ್ಟ್ರ ಸೀಲಿಗೆ ಬೆಲೆ ಜಾಸ್ತಿ ಅಲ್ವಾ. ಮತ್ತೆ ನೋವಿನ ಮಾತ್ರೆಯಿಂದ ಹೊಟ್ಟೆ ಕಟ್ಟುತ್ತದೆ, ಅದಕ್ಕೆ ಪಪ್ಪಾಯ, ನೀರು, ಬೇಕಾದ್ರೆ ಇಸಬ್ಗೋಲ್ ಇಟ್ಕೊಳ್ಳಿ.

ರಿಟೈರ್ಡ್_ಮೇಷ್ಟ್ರಮ್ಮ_ಮೈಸೂರು:

ಚೀಟಿ ಐಡಿಯಾ ಭಲೇ. ನೆಲದ ಮೇಲೆ ಕೂರೋದು ಕೇಳಿದ್ದೆ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಕುಕ್ಕರುಗಾಲಲ್ಲಿ ಕೂರೋದು, ವಜ್ರಾಸನ ಬಿಟ್ಟುಬಿಡ್ಬೇಕು. ಚಕ್ಕಲಮಕ್ಕಲ ಕೆಲವರು ಕೂರ್ತಾರೆ, ನಂಗೆ ಡಾಕ್ಟ್ರು ಬೇಡ ಅಂದ್ರು, ಕೂರಲ್ಲ, ಮದುವೆ ಮನೇಲಿ ಟೇಬಲ್ ಪಂಕ್ತಿಗೇ ಹೋಗ್ತೀನಿ. ಹಸು ಹಾಲು ಕರೆಯೋದು ಕುಕ್ಕರುಗಾಲಲ್ಲಿ ತಾನೆ, ಅದನ್ನ ಈಗ್ಲೇ ಬೇರೆಯವ್ರಿಗೆ ಒಪ್ಪಿಸು, ಇಲ್ಲಾಂದ್ರೆ ಎರಡು ತಿಂಗಳಿಗೇ ಕೊಟ್ಟಿಗೆಗೆ ಹೊರಟುಬಿಡ್ತಾರೆ.

ಮತ್ತೆ ಎರಡನೇ ಮೂರನೇ ವಾರದಲ್ಲಿ ಯಾಕಾದ್ರೂ ಮಾಡಿಸ್ಕೊಂಡ್ನೋ ಅಂತ ಅಳ್ತಾರೆ, ರಾತ್ರಿ ನಿದ್ದೆ ಬರಲ್ಲ, ಊಟ ಸೇರಲ್ಲ, ನಿನ್ನ ಮೇಲೂ ರೇಗ್ತಾರೆ. ನಾನೂ ಸೊಸೆ ಮೇಲೆ ರೇಗಿದ್ದೇ ರೇಗಿದ್ದು. ಮನಸ್ಸಿಗೆ ಹಚ್ಕೋಬೇಡ, ತಿಂಗಳು ದಾಟಿದ್ರೆ ದಿನಕ್ಕೊಂಚೂರು ಹಗುರ ಆಗುತ್ತೆ.

ಅರಸೀಕೆರೆ_ಸೊಸೆ:

ಹಾಲು ಕರೆಯೋದೇ ನೋಡಿ ದೊಡ್ಡ ತಲೆನೋವು, ನನ್ನ ಕೈಗೆ ಒಂದು ಹಸು ಒದೆಯುತ್ತೆ. ಪಕ್ಕದ ಮನೆಯವ್ರನ್ನ ಕೇಳ್ತೀನಿ. ಮನೆಯವ್ರ ಹತ್ರ ಮಾತಾಡಿ ಮೊದ್ಲು ಬಲಗಾಲು ಒಂದೇ ಅಂತ ತೀರ್ಮಾನ ಮಾಡಿದೀವಿ, ಶುಗರ್ ಮೂರು ತಿಂಗಳ ಸರಾಸರಿ 8.6 ಬಂದಿದೆ, ಅದು ಇಳಿದ್ಮೇಲೆ ಡೇಟ್ ಕೊಡ್ತೀನಿ ಅಂದ್ರು ಡಾಕ್ಟ್ರು. ನಾಳೆ ವಾಕರ್, ಕಮೋಡ್ ಚೇರ್ ತರೋಕೆ ಹಾಸನಕ್ಕೆ ಹೋಗ್ತಿದೀನಿ.

ಹುಬ್ಬಳ್ಳಿ_ಮಂದಿ:

ಹೋಗೋಕ್ಕಿಂತ ಮದ್ಲ ಟೇಪ್ ತಗೊಂಡು ಬಚ್ಚಲಮನಿ ಬಾಗಲಾ ಅಳದು ಬರ್ಕೊಂಡು ಹೋಗ್ರಿ ಅಕ್ಕಾರ. ಹಳೇ ಮನಿ ಬಾಗಲಾ ಸಣ್ಣ ಇರ್ತಾವ, ದೊಡ್ಡ ವಾಕರ್ ಒಳಗ ಹೋಗಂಗಿಲ್ಲ. ಎತ್ತರ ಹೆಚ್ಚುಕಮ್ಮಿ ಮಾಡೋದು ಸಿಗ್ತೈತಿ, ಅದನ್ನ ತಗೊಳ್ರಿ, ಕೆಳಗಿನ ರಬ್ಬರ್ ಬುಷ್ ಎರಡು ಜಾಸ್ತಿ ಇಸ್ಕೊಳ್ರಿ, ಸವೀತಾವ.